ಮಾತು ಕಿತ್ತುಕೊಳ್ಳುವ ಆಳ್ವಿಕೆಗಳು: ನಮ್ಮ ಓದುಕೂಟದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಬಸವನಗುಡಿಯಲ್ಲಿ, ಗಾಂಧಿ ಬಜಾರಿನಿಂದ ಎರಡು ತಿರುವು ಆಚೆ, ಗೆಳತಿಯೊಬ್ಬಳ ಮನೆಯ ಮಹಡಿಯಲ್ಲಿ ತಿಂಗಳಿಗೆ ಎರಡು ಭಾನುವಾರ ನಾವು ಹತ್ತು ಹದಿನೈದು ಜನ ಸೇರುತ್ತೇವೆ. ಎರಡು ವರ್ಷದಿಂದ ಓದುತ್ತಿರುವುದು ಒಂದೇ ವಿಷಯ. ಜನರ ತಲೆಯೊಳಗೂ ಆಳಬೇಕು ಅಂತ ಹೊರಟ ಸರ್ಕಾರಗಳು ಮಾತನ್ನೂ ಚರಿತ್ರೆಯನ್ನೂ ಏನು ಮಾಡಿದವು ಅನ್ನುವುದು. ಹೊಸಬರು ಬಂದಾಗಲೆಲ್ಲ ಅವೇ ಪ್ರಶ್ನೆಗಳು ಬರುತ್ತವೆ. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ. ನಾನು ಹೊಟ್ಟೆಪಾಡಿಗೆ ಕರಡು ತಿದ್ದುವವಳು. ದಿನವಿಡೀ ಬೇರೆಯವರ ವಾಕ್ಯ ನೋಡುವುದೇ ನನ್ನ ಕೆಲಸ. ಹಾಗಾಗಿ ಇಲ್ಲಿ ವ್ಯಾಕರಣದ ಮಾತು ಸ್ವಲ್ಪ ಜಾಸ್ತಿ ಬರುತ್ತದೆ.

ಸರ್ವಾಧಿಕಾರ ಅಂದರೆ ಬಿಗಿ ಸರ್ಕಾರ ಅಂತ ತಾನೇ? ಇದರಲ್ಲಿ ಹೊಸದೇನು?

ಸರ್ವಾಧಿಕಾರಿಗಳಲ್ಲಿ ಎರಡು ಬಗೆ. ಒಬ್ಬನಿಗೆ ನೀವು ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಇನ್ನೊಬ್ಬನಿಗೆ ಅಷ್ಟು ಸಾಲದು. ನೀವು ಬಾಯಿ ಬಿಡಬೇಕು, ಅವನ ಮಾತನ್ನೇ ಆಡಬೇಕು, ಮನೆಯಲ್ಲೂ ಆಡಬೇಕು. ನಾವು ಓದುತ್ತಿರುವುದು ಈ ಎರಡನೆಯವನ ಬಗ್ಗೆ. 1923ರಲ್ಲಿ ಇಟಲಿಯ ಜೊವಾನ್ನಿ ಅಮೆಂಡೋಲ ಎಂಬ ವಿರೋಧಿ ನಾಯಕ ಮುಸೊಲಿನಿಯ ಆಳ್ವಿಕೆಯನ್ನು ‘ಟೋಟಲಿಟೇರಿಯನ್’, ಅಂದರೆ ಎಲ್ಲವನ್ನೂ ತನ್ನ ಹಿಡಿತಕ್ಕೆ ತೆಗೆದುಕೊಳ್ಳುವಂಥದ್ದು, ಎಂದು ಕರೆದ. ಅದು ಬೈಗುಳ. ಮುಸೊಲಿನಿ ಆ ಬೈಗುಳವನ್ನೇ ಎತ್ತಿಕೊಂಡು ಹೆಮ್ಮೆಯಿಂದ ಹೇಳಿಕೊಳ್ಳತೊಡಗಿದ.

ಮಾತು ಬದಲಾದರೆ ಯೋಚನೆಯೂ ಬದಲಾಗುತ್ತೆ ಅನ್ನೋದು ಅತಿ ಆಯ್ತು ಅಲ್ವಾ?

ಪೂರ್ತಿ ಬದಲಾಗುತ್ತೆ ಅಂತ ನಾನೂ ಹೇಳುವುದಿಲ್ಲ. ಹಾಗಿದ್ದಿದ್ದರೆ ವಿಕ್ಟರ್ ಕ್ಲೆಂಪರರ್ ಅಂಥವರು ಇರುತ್ತಿರಲಿಲ್ಲ.

ಕ್ಲೆಂಪರರ್ ಜರ್ಮನಿಯ ಡ್ರೆಸ್ಡೆನ್ ಊರಿನಲ್ಲಿ ಪ್ರೊಫೆಸರ್ ಆಗಿದ್ದರು. ಯಹೂದಿ ಅನ್ನುವ ಕಾರಣಕ್ಕೆ ಕೆಲಸ ಹೋಯಿತು, ಮನೆ ಹೋಯಿತು, ಲೈಬ್ರರಿಗೆ ಹೋಗುವ ಹಕ್ಕೂ ಹೋಯಿತು. ಹೆಂಡತಿ ಇವಾ ಯಹೂದಿ ಅಲ್ಲದ ಕಾರಣ ಜೀವ ಮಾತ್ರ ಉಳಿದಿತ್ತು. ಅವರು ನಾಜಿಗಳ ಮಾತನ್ನೇ ಗಮನಿಸುತ್ತಾ ಡೈರಿ ಬರೆದರು. ಬರೆದ ಹಾಳೆಗಳನ್ನು ಇವಾ ಪಿರ್ನಾ ಊರಿನ ಗೆಳತಿಯೊಬ್ಬರ ಮನೆಗೆ ಕದ್ದು ಸಾಗಿಸಿ ಬಚ್ಚಿಡುತ್ತಿದ್ದರು. ಸಿಕ್ಕಿಬಿದ್ದಿದ್ದರೆ ಇಬ್ಬರೂ ಸಾಯಬೇಕಿತ್ತು, ಮನೆ ಕೊಟ್ಟ ಗೆಳತಿಯೂ ಸೇರಿ.

ಆ ಡೈರಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಸಣ್ಣ ಪದಗಳು. ‘ಫನಾಟಿಷ್’ ಅಂದರೆ ಮತಾಂಧ. ಜರ್ಮನ್ನಿನಲ್ಲಿ ಅದು ಬೈಗುಳವಾಗಿತ್ತು. ನಾಜಿಗಳು ಅದನ್ನು ಹೊಗಳಿಕೆ ಮಾಡಿದರು. ಅವರ ಭಾಷಣಗಳಲ್ಲಿ ನಿಷ್ಠೆಯೂ ಮತಾಂಧ ನಿಷ್ಠೆ, ನಂಬಿಕೆಯೂ ಮತಾಂಧ ನಂಬಿಕೆ. ಭಾಷಣಗಳು ಮರೆತುಹೋಗುತ್ತವೆ. ದಿನಕ್ಕೆ ನೂರು ಸಲ ಕಿವಿಗೆ ಬೀಳುವ ಒಂಟಿ ಪದ ಮಾತ್ರ ಒಳಗೆ ಇಳಿದುಬಿಡುತ್ತೆ ಅನ್ನುವುದು ಅವರು ಕಂಡುಕೊಂಡದ್ದು. ಅದು ಬಹಳ ಕಡಿಮೆ ಪ್ರಮಾಣದಲ್ಲಿ ಕೊಡುವ ಪಾಷಾಣದ ಹಾಗೆ ಎಂದು ಬರೆದರು. ನುಂಗುವಾಗ ಏನೂ ಆಗುವುದಿಲ್ಲ. ಸ್ವಲ್ಪ ದಿನ ಬೇಕು.

ಇನ್ನೂ ಸಂಕಟದ ವಿಷಯ ಒಂದಿದೆ. ನಾಜಿಗಳ ಕೈಯಲ್ಲಿ ನರಳುತ್ತಿದ್ದ ಯಹೂದಿಗಳ ಬಾಯಲ್ಲೂ ಅವವೇ ಪದಗಳು ಬರುವುದನ್ನು ಅವರು ಕೇಳಿಸಿಕೊಂಡರು. ಆ ಪುಟ ಓದಿದ ದಿನ ನಮ್ಮ ಮಹಡಿಯಲ್ಲಿ ಯಾರೂ ಮಾತಾಡಲಿಲ್ಲ.

ಕೊಲೆ ಮಾಡುವ ಅಧಿಕಾರ ಇದ್ದವರಿಗೆ ಅದಕ್ಕೆ ಬೇರೆ ಹೆಸರು ಯಾಕೆ ಬೇಕಿತ್ತು?

ಕೊಲ್ಲುವವನೊಬ್ಬನಿಂದಲೇ ಕೊಲೆ ನಡೆಯುವುದಿಲ್ಲವಲ್ಲ. ಪಟ್ಟಿ ಬರೆಯುವ ಗುಮಾಸ್ತ ಬೇಕು, ರೈಲು ಬಿಡುವ ಸ್ಟೇಷನ್ ಮಾಸ್ಟರ್ ಬೇಕು, ಟೈಪ್ ಮಾಡುವ ಹುಡುಗಿ ಬೇಕು. ಅವರೆಲ್ಲ ಸಂಜೆ ಮನೆಗೆ ಹೋಗಿ ಮಕ್ಕಳ ಜೊತೆ ಕೂತು ಉಣ್ಣಬೇಕು. ‘ಕೊಂದೆವು’ ಅನ್ನುವ ಪದ ಟೈಪ್ ಮಾಡಿ ಬಂದವಳಿಗೆ ಅನ್ನ ಇಳಿಯುವುದು ಕಷ್ಟ. ‘ಸ್ಥಳಾಂತರ’ ಅಂತ ಟೈಪ್ ಮಾಡಿದರೆ ಇಳಿಯುತ್ತೆ.

1942ರ ಜನವರಿ 20ರಂದು ಬರ್ಲಿನ್ನಿನ ವಾನ್ಸೀಯಲ್ಲಿ 15 ಅಧಿಕಾರಿಗಳು ಸಭೆ ಸೇರಿದರು. ಯುರೋಪಿನ ಯಹೂದಿಗಳನ್ನೆಲ್ಲ ಮುಗಿಸುವ ಕೆಲಸವನ್ನು ಹೊಂದಿಸಿಕೊಳ್ಳುವ ಸಭೆ ಅದು. ನಡಾವಳಿಯಲ್ಲಿ ಇರುವ ಪದ ‘ಪೂರ್ವಕ್ಕೆ ತೆರವು’. ಬೇರೆ ಕಡತಗಳಲ್ಲಿ ಕೊಲೆಗೆ ‘ವಿಶೇಷ ಉಪಚಾರ’ ಅನ್ನುತ್ತಿದ್ದರು. 1943ರ ಹೊತ್ತಿಗೆ ಈ ಪದದ ಅರ್ಥ ಕಚೇರಿಗಳಲ್ಲಿ ಬಹಳ ಜನಕ್ಕೆ ತಿಳಿದುಹೋಗಿತ್ತು. ಆಗ ನಾಜಿ ಪೊಲೀಸ್ ಪಡೆಗಳ ಮುಖ್ಯಸ್ಥ ಹಿಮ್ಲರ್ ತನಗೆ ಬಂದ ಅಂಕಿಅಂಶದ ವರದಿಯಿಂದ ಅದನ್ನೂ ತೆಗೆಸಿ ‘ಪೂರ್ವಕ್ಕೆ ಸಾಗಿಸಲಾಯಿತು’ ಎಂದು ಹಾಕಿಸಿದ. ಮುಸುಕಿಗೇ ಇನ್ನೊಂದು ಮುಸುಕು.

ಸ್ಟಾಲಿನ್ ಕಾಲದ ರಷ್ಯಾದಲ್ಲಿ ಗಂಡನನ್ನು ಹುಡುಕಿಕೊಂಡು ಹೋದ ಹೆಂಡತಿಗೆ ಕಿಟಕಿಯ ಆಚೆಯಿಂದ ಒಂದು ಉತ್ತರ ಸಿಗುತ್ತಿತ್ತು: ‘ಹತ್ತು ವರ್ಷ, ಪತ್ರ ಬರೆಯುವ ಹಕ್ಕಿಲ್ಲ.’ ಎಷ್ಟೋ ಸಲ ಅದರ ಅರ್ಥ ಆತನಿಗೆ ಆಗಲೇ ಗುಂಡು ಹಾಕಿಯಾಗಿದೆ ಅಂತ. ಅವಳು ಮನೆಗೆ ಹೋಗಿ ಹತ್ತು ವರ್ಷ ಎಣಿಸುತ್ತಿದ್ದಳು.

ಕನ್ನಡದಲ್ಲೂ ಇಂಥದ್ದು ಆಗುತ್ತಾ?

ಕೆಲವು ವರ್ಷದ ಹಿಂದೆ ಒಂದು ವರದಿಯ ಕರಡು ನನ್ನ ಮೇಜಿಗೆ ಬಂತು. ಅದರಲ್ಲಿ ಒಂದು ಸಾಲು: ‘ಕೆರೆ ಅಂಗಳದಲ್ಲಿದ್ದ ಶೆಡ್ಡುಗಳನ್ನು ತೆರವುಗೊಳಿಸಲಾಯಿತು.’ ಕಾಗುಣಿತ ಸರಿ ಇತ್ತು. ಟಿಕ್ ಹಾಕಿ ಮುಂದೆ ಹೋದೆ.

ಆ ಜಾಗ ನನ್ನ ಬಸ್ಸಿನ ದಾರಿಯಲ್ಲೇ ಇತ್ತು. ಸಂಜೆ ಕಿಟಕಿಯಿಂದ ನೋಡಿದೆ. ಒಬ್ಬ ಹೆಂಗಸು ನೀಲಿ ಟಾರ್ಪಾಲಿನ ಮೇಲೆ ಪಾತ್ರೆ ಜೋಡಿಸಿಕೊಳ್ಳುತ್ತಿದ್ದಳು. ಕುಕ್ಕರ್ ಒಂದು ಕಡೆ, ಅದರ ಮುಚ್ಚಳ ಒಂದು ಕಡೆ. ಪಕ್ಕದಲ್ಲಿ ಮಗು ಶಾಲೆಯ ಯೂನಿಫಾರ್ಮಿನಲ್ಲೇ ಕೂತಿತ್ತು. ನಾನು ಟಿಕ್ ಹಾಕಿದ ‘ಶೆಡ್ಡು’ ಅವಳ ಮನೆ. ‘ತೆರವು’ ಅಂದರೆ ಖಾಲಿ ಮಾಡುವುದು, ಇಲ್ಲಿ ಒಡೆದಿದ್ದರು. ಇನ್ನು ‘ಲಾಯಿತು’ ಅನ್ನುವ ಬಾಲ. ಒಡೆದವರು ಯಾರು ಅನ್ನುವುದನ್ನು ಅದು ಪೂರ್ತಿ ನುಂಗಿಬಿಟ್ಟಿತ್ತು.

ಒಡೆದದ್ದು ಕಾನೂನಿನ ಪ್ರಕಾರ ಸರಿಯೋ ತಪ್ಪೋ, ಅದು ಬೇರೆ ಚರ್ಚೆ. ಇದು ಸರ್ವಾಧಿಕಾರ ಅಂತಲೂ ನಾನು ಹೇಳುತ್ತಿಲ್ಲ. ಕರ್ತೃ ಇಲ್ಲದ ವಾಕ್ಯ ಎಷ್ಟು ಸಲೀಸಾಗಿ ನನ್ನ ಕಣ್ಣ ಮುಂದೆಯೇ ದಾಟಿಹೋಯಿತು ಅನ್ನುವುದನ್ನು ಹೇಳುತ್ತಿದ್ದೇನೆ. ಅವತ್ತಿನಿಂದ ‘ಲಾಯಿತು’ ಕಂಡಲ್ಲೆಲ್ಲ ಅಂಚಿನಲ್ಲಿ ‘ಯಾರು?’ ಅಂತ ಬರೆಯುತ್ತೇನೆ. ಬರೆದವರು ಎಷ್ಟೋ ಸಲ ಉತ್ತರ ಕೊಡುತ್ತಾರೆ. ಒಮ್ಮೊಮ್ಮೆ ಸುಮ್ನೆ ಬಿಡಿ ಮೇಡಂ ಅನ್ನುತ್ತಾರೆ.

ಫೋಟೊದಿಂದ ಜನರನ್ನು ಅಳಿಸ್ತಿದ್ದರು ಅನ್ನೋದು ನಿಜಾನಾ?

ನಿಜ. ನಿಕೊಲಾಯ್ ಯೆಜೊವ್ 1936ರಿಂದ 1938ರವರೆಗೆ ಸ್ಟಾಲಿನನ ಗುಪ್ತ ಪೊಲೀಸಿನ ಮುಖ್ಯಸ್ಥ. ಲಕ್ಷಾಂತರ ಜನರ ಸಾವಿಗೆ ಸಹಿ ಹಾಕಿದ ಕೈ. ಮಾಸ್ಕೊ–ವೋಲ್ಗಾ ಕಾಲುವೆಯ ದಂಡೆಯ ಮೇಲೆ ಸ್ಟಾಲಿನನ ಪಕ್ಕ ಅವನು ನಿಂತಿರುವ ಒಂದು ಫೋಟೊ ಇದೆ. 1940ರ ಫೆಬ್ರವರಿಯಲ್ಲಿ ಅವನಿಗೇ ಗುಂಡು ಹಾಕಿದರು. ಆಮೇಲಿನ ಫೋಟೊದಲ್ಲಿ ಅವನು ನಿಂತಿದ್ದ ಜಾಗದಲ್ಲಿ ನೀರು ಹರಿಯುತ್ತಿದೆ.

ಅದಕ್ಕಿಂತಲೂ ನನ್ನನ್ನು ಕಾಡುವುದು ಅಲೆಕ್ಸಾಂಡರ್ ರೊಡ್ಚೆಂಕೊ ಮಾಡಿದ ಕೆಲಸ. ಅವರು ದೊಡ್ಡ ಕಲಾವಿದ. ಸೋವಿಯತ್ ಉಜ್ಬೆಕಿಸ್ತಾನಕ್ಕೆ ಹತ್ತು ವರ್ಷ ತುಂಬಿದ ನೆನಪಿಗೆ 1934ರಲ್ಲಿ ಒಂದು ಭರ್ಜರಿ ಆಲ್ಬಂ ವಿನ್ಯಾಸ ಮಾಡಿದರು. ಮೂರ್ನಾಲ್ಕು ವರ್ಷದಲ್ಲಿ ಅದರಲ್ಲಿದ್ದ ಎಷ್ಟೋ ನಾಯಕರು ‘ಜನತೆಯ ಶತ್ರು’ಗಳಾಗಿ ಸತ್ತರು. ಅಂಥವರ ಚಿತ್ರ ಮನೆಯಲ್ಲಿದ್ದರೇ ಅಪರಾಧ. ರೊಡ್ಚೆಂಕೊ ತಮ್ಮ ಸ್ವಂತ ಪ್ರತಿ ತೆಗೆದು ಒಂದೊಂದೇ ಮುಖದ ಮೇಲೆ ಕಪ್ಪು ಶಾಯಿ ಬಳಿದರು. ತಾವೇ ಕೂರಿಸಿದ್ದ ಮುಖಗಳು. ಕೋಟು, ಟೈ, ಭುಜ ಎಲ್ಲ ಹಾಗೇ ಇವೆ. ಮುಖದ ಜಾಗದಲ್ಲಿ ಕಪ್ಪು.

ನಮ್ಮ ಮನೆಯ ಮದುವೆ ಆಲ್ಬಂ ಒಂದರಲ್ಲೂ ಕತ್ತರಿ ಆಡಿದೆ. ಆಸ್ತಿ ಜಗಳ ಆದ ಮೇಲೆ ಯಾರೋ ಚಿಕ್ಕಪ್ಪನನ್ನು ಕತ್ತರಿಸಿದ್ದಾರೆ. ಅಪ್ಪನ ಹೆಗಲ ಮೇಲೆ ಅವರ ಕೈ ಮಾತ್ರ ಉಳಿದಿದೆ. ಚಿಕ್ಕವಳಿದ್ದಾಗ ನಾನು ಆ ಕೈಯನ್ನೇ ನೋಡುತ್ತಾ ಕೂರುತ್ತಿದ್ದೆ. ಅದು ಯಾರದು ಅಂತ ಕೇಳಿದರೆ ಯಾರೂ ಹೇಳುತ್ತಿರಲಿಲ್ಲ. ಕೇಳಬಾರದು ಅಂತ ಮಾತ್ರ ಬೇಗ ಗೊತ್ತಾಯಿತು.

ಪುಸ್ತಕ ಆಗಲೇ ಮನೆ ಮನೆ ಸೇರಿದ್ದರೆ ಏನು ಮಾಡ್ತಿದ್ದರು?

ಓದುಗನ ಕೈಯಲ್ಲೇ ಕತ್ತರಿಸುತ್ತಿದ್ದರು. ಬೆರಿಯಾ ಯೆಜೊವನ ನಂತರ ಗುಪ್ತ ಪೊಲೀಸಿನ ಮುಖ್ಯಸ್ಥನಾದವನು. ಸ್ಟಾಲಿನ್ ಸತ್ತ ಮೇಲೆ 1953ರಲ್ಲಿ ಅವನನ್ನು ಬಂಧಿಸಿ, ಡಿಸೆಂಬರಿನಲ್ಲಿ ಕೊಂದರು. ಆದರೆ ಸೋವಿಯತ್ ಮಹಾವಿಶ್ವಕೋಶದಲ್ಲಿ ಅವನ ಮೇಲೆ ಉದ್ದನೆಯ ಹೊಗಳಿಕೆಯ ಲೇಖನ ಅಚ್ಚಾಗಿ ಮನೆ ಸೇರಿತ್ತು. ಚಂದಾದಾರರಿಗೆಲ್ಲ ಅಂಚೆಯಲ್ಲಿ ಹೊಸ ಹಾಳೆಗಳು ಬಂದವು. ಜೊತೆಗೆ ಸೂಚನೆ: ಹಳೇ ಪುಟಗಳನ್ನು ಕತ್ತರಿಯಿಂದ ಇಲ್ಲವೇ ಬ್ಲೇಡಿನಿಂದ ತೆಗೆದು ಇವನ್ನು ಅಂಟಿಸಿಕೊಳ್ಳಿ. ಹೊಸ ಹಾಳೆಗಳಲ್ಲಿ ಅಕ್ಷರಮಾಲೆಯಲ್ಲಿ ಅವನ ಪಕ್ಕದಲ್ಲೇ ಬರುವ ಬೇರಿಂಗ್ ಸಮುದ್ರದ ಬಗ್ಗೆ ಬೇಕಾದಷ್ಟು ವಿವರ ಇತ್ತು.

ಕರಡು ತಿದ್ದುವವಳಾಗಿ ಇದನ್ನು ನೆನೆದರೆ ನನಗೆ ಕೈ ತಣ್ಣಗಾಗುತ್ತೆ. ತಪ್ಪೊಪ್ಪೋಲೆ, ಅಂದರೆ ಅಚ್ಚಿನ ತಪ್ಪುಗಳ ಪಟ್ಟಿ, ನಾವೂ ಹಾಕುತ್ತೇವೆ. ಆದರೆ ಅದರಲ್ಲಿ ತಪ್ಪು ಯಾವುದು, ಒಪ್ಪು ಯಾವುದು ಎರಡೂ ಕಾಣುತ್ತೆ. ಅಲ್ಲಿ ತಪ್ಪು ಆಗಿಯೇ ಇಲ್ಲ ಅನ್ನಬೇಕಿತ್ತು.

ಹಳೇ ಕಥೆಗೆ ಇಷ್ಟು ತಲೆ ಯಾಕೆ ಕೆಡಿಸಿಕೊಳ್ತಾರೆ?

‘ನಾವು ಯಾವತ್ತೂ ತಪ್ಪಿಲ್ಲ’ ಅಂತ ಹೇಳಿಕೊಂಡು ಅಧಿಕಾರದಲ್ಲಿ ಕೂತವರಿಗೆ ನಿನ್ನೆಯ ಪೇಪರೂ ಶತ್ರುವೇ.

1937ರ ಜನವರಿಯಲ್ಲಿ ಸೋವಿಯತ್ ಒಕ್ಕೂಟದಲ್ಲಿ ಜನಗಣತಿ ನಡೆಯಿತು. ಸುಮಾರು 16.2 ಕೋಟಿ ಜನ ಸಿಕ್ಕರು. ಮೇಲಿನವರು ಹೇಳಿಕೊಂಡು ಬಂದಿದ್ದ ಲೆಕ್ಕಕ್ಕಿಂತ ಇದು ತುಂಬಾ ಕಡಿಮೆ. 1932–33ರ ಬರಗಾಲದಲ್ಲಿ, ಮುಖ್ಯವಾಗಿ ಉಕ್ರೇನಿನಲ್ಲಿ, ಧಾನ್ಯ ಕಿತ್ತುಕೊಂಡು ಸಾಯಿಸಿದ ಜನ ಆ ಲೆಕ್ಕದಲ್ಲಿ ಇರಲಿಲ್ಲ, ಅಷ್ಟೇ. ಸರ್ಕಾರ ಗಣತಿಯನ್ನೇ ರದ್ದು ಮಾಡಿತು. ಎಣಿಸಿದ ತಜ್ಞರನ್ನು ಜೈಲಿಗೆ ಹಾಕಿತು, ಕೆಲವರನ್ನು ಕೊಂದಿತು. 1939ರಲ್ಲಿ ಮತ್ತೆ ಎಣಿಸಿದರು.

ಚೀನಾದಲ್ಲಿ ದೇಶವನ್ನು ದಿಢೀರ್ ಬೆಳೆಸುತ್ತೇನೆ ಅಂತ ಮಾವೊ ಹೊರಡಿಸಿದ ‘ಮಹಾ ಜಿಗಿತ’ ಅಭಿಯಾನದ ಕಾಲದಲ್ಲಿ ಕೋಟಿಗಟ್ಟಲೆ ಜನ ಹಸಿವಿನಿಂದ ಸತ್ತರು. ಅಧಿಕೃತ ಹೆಸರು ‘ಮೂರು ವರ್ಷದ ನೈಸರ್ಗಿಕ ವಿಕೋಪ’. ಈ ಹೆಸರಿನಲ್ಲೂ ಕರ್ತೃ ಇಲ್ಲ, ನೋಡಿ. ಮಳೆ ಮಾಡಿತು, ಮೋಡ ಮಾಡಿತು.

1940ರಲ್ಲಿ ಸೋವಿಯತ್ ಪೊಲೀಸರು ರಷ್ಯಾದ ಕತಿನ್ ಕಾಡಿನಲ್ಲೂ ಬೇರೆ ಕಡೆಯೂ ಸುಮಾರು 22,000 ಪೋಲಿಷ್ ಕೈದಿಗಳನ್ನು ಕೊಂದು, ಜರ್ಮನ್ನರು ಮಾಡಿದ್ದು ಅಂದರು. ಒಪ್ಪಿಕೊಂಡಿದ್ದು 1990ರ ಏಪ್ರಿಲ್ 13ರಂದು. ಅಪ್ಪ ಹೇಗೆ ಸತ್ತ ಅಂತ ಗಟ್ಟಿಯಾಗಿ ಹೇಳಲಾಗದೆ ಪೋಲೆಂಡಿನ ಮಕ್ಕಳು 50 ವರ್ಷ ಬೆಳೆದು ಮುದುಕರಾದರು.

ಹೆಸರು ಬದಲಾಯಿಸೋದೂ ಇದೇ ತಾನೇ? ಹಾಗಾದರೆ ‘ಬೆಂಗಳೂರು’?

ಇದು ಪ್ರತಿ ಸಲ ಬರುವ ಪ್ರಶ್ನೆ. ರಷ್ಯಾದಲ್ಲಿ ಒಂದೇ ಊರು 1914ರಲ್ಲಿ ಪೆಟ್ರೊಗ್ರಾಡ್, 1924ರಲ್ಲಿ ಲೆನಿನ್‌ಗ್ರಾಡ್, 1991ರಲ್ಲಿ, ಈ ಸಲ ಜನಮತ ಕೇಳಿ, ಮತ್ತೆ ಸೇಂಟ್ ಪೀಟರ್ಸ್‌ಬರ್ಗ್ ಆಯಿತು. ಸ್ಟಾಲಿನ್‌ಗ್ರಾಡ್ 1961ರಲ್ಲಿ ವೋಲ್ಗೊಗ್ರಾಡ್ ಆಯಿತು. ಯಾರನ್ನೂ ಕೇಳದೆ ನಾಯಕನ ಹೆಸರು ಇಟ್ಟು, ಅವನು ಬೇಡವಾದಾಗ ಯಾರನ್ನೂ ಕೇಳದೆ ತೆಗೆಯುವುದು ಒಂದು ಬಗೆ. ಜನ ಆಡುವ ಹೆಸರನ್ನು ಕಾಗದಕ್ಕೆ ತರುವುದು ಇನ್ನೊಂದು ಬಗೆ. 2014ರ ನವೆಂಬರ್ 1ರಂದು ನಮ್ಮಲ್ಲಿ ಆದದ್ದು ಎರಡನೆಯದು. ಅದಕ್ಕೂ ಮೊದಲು ಕನ್ನಡದಲ್ಲಿ ಯಾರೂ ಬೇರೆ ಹೆಸರು ಹೇಳುತ್ತಿರಲಿಲ್ಲ.

ಹಾಗಂತ ನಮ್ಮ ಕಥೆಗಳನ್ನು ನಾವು ಪರೀಕ್ಷೆ ಮಾಡಬಾರದು ಅಂತಲ್ಲ. ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದಕ್ಕೇ ಬೆಂದಕಾಳೂರು ಅಂತ ಶಾಲೆಯಲ್ಲಿ ಕೇಳಿದ್ದೇವೆ. ಅದು 12ನೇ ಶತಮಾನದ ರಾಜನ ಕಥೆ. ಆದರೆ ಬೇಗೂರಿನ ನಾಗೇಶ್ವರ ದೇವಸ್ಥಾನದ ವೀರಗಲ್ಲು ಕ್ರಿ.ಶ. 890ರ ಸುಮಾರಿನದು. ಬೆಂಗಳೂರ ಕಾಳಗದಲ್ಲಿ ಸತ್ತವರ ನೆನಪು ಅದರಲ್ಲಿ ಆಗಲೇ ಕೆತ್ತಿದೆ. ಕಥೆಗಿಂತ ಕಲ್ಲು ಹಳೆಯದು. ಕಥೆ ಹೇಳುವವರನ್ನೂ ನಾವು ಬೈಯುವುದಿಲ್ಲ, ಕಲ್ಲು ತೋರಿಸಿದವರನ್ನು ಯಾರೂ ಜೈಲಿಗೂ ಹಾಕುವುದಿಲ್ಲ. ಇದು ಹೀಗೇ ಇರಬೇಕು.

‘ನೀನು’, ‘ನೀವು’ಗೂ ಅವರು ಕೈ ಹಾಕಿದ್ದರಾ?

ಹಾಕಿದ್ದರು. 1938ರಲ್ಲಿ ಮುಸೊಲಿನಿ ಸರ್ಕಾರ ಇಟಲಿಯವರು ಗೌರವಕ್ಕೆ ಬಳಸುವ ‘ಲೇಯ್’ ಬೇಡ, ‘ವೋಯ್’ ಅನ್ನಿ ಎಂದಿತು. ‘ಲೇಯ್’ಗೆ ‘ಅವಳು’ ಅಂತಲೂ ಅರ್ಥ ಇದೆ. ಆ ಹೆಸರಿನ ಮಹಿಳಾ ಪತ್ರಿಕೆಯೊಂದು ಹೆಸರನ್ನೇ ಬದಲಾಯಿಸಬೇಕಾಯಿತು.

ಕಾಂಬೋಡಿಯದಲ್ಲಿ 1975ರಿಂದ 1979ರವರೆಗೆ ಆಳಿದ ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟ್ ಗುಂಪು ಇನ್ನೂ ಒಳಕ್ಕೆ ಹೋಯಿತು. ಖ್ಮೇರ್ ಭಾಷೆಯಲ್ಲಿ ‘ಊಟ ಮಾಡು’ ಅನ್ನಲು ಎದುರಿಗಿರುವವರನ್ನು ನೋಡಿಕೊಂಡು ಬೇರೆ ಬೇರೆ ಪದ ಇದ್ದವು. ಭಿಕ್ಷುವಿಗೆ ಒಂದು, ಹಿರಿಯರಿಗೆ ಒಂದು. ಎಲ್ಲ ತೆಗೆದು ‘ಹೋಪ್’ ಅನ್ನುವ ಹಳ್ಳಿ ಪದ ಒಂದನ್ನೇ ಉಳಿಸಿದರು. ಎಲ್ಲರನ್ನೂ ‘ಮಿತ್’ ಎಂದು ಕರೆಯಬೇಕು. ನಮ್ಮ ‘ಮಿತ್ರ’ನ ನಂಟಿನ ಪದವೇ ಅದು. ಕೇಳಲು ಸಮಾನತೆ ಅನ್ನಿಸುತ್ತೆ. ಆದರೆ ಬೆಳಿಗ್ಗೆ ಎದುರಿಗೆ ಸಿಕ್ಕವರನ್ನು ‘ಊಟ ಆಯ್ತಾ’ ಅಂತ ಕೇಳುವ ಊರು ನಮ್ಮದು. ಆ ಪ್ರಶ್ನೆಯನ್ನು ಅಮ್ಮನಿಗೆ ಹೇಗೆ ಕೇಳಬೇಕು ಅಂತ ಕಾವಲುಗಾರ ಹೇಳಿಕೊಡುವುದನ್ನು ಊಹಿಸಿಕೊಳ್ಳಿ. ಅಲ್ಲಿ ಅಕ್ಕಿ ಇರಲಿಲ್ಲ. ಪದ ಮಾತ್ರ ಸಮಾನವಾಗಿತ್ತು.

ನಮ್ಮ ತುರ್ತು ಪರಿಸ್ಥಿತಿಯೂ ಇದೇ ಸಾಲಿಗೆ ಸೇರುತ್ತಾ?

ಸೇರುವುದಿಲ್ಲ. 1975ರ ಜೂನ್ 25ರ ರಾತ್ರಿ ಶುರುವಾಗಿ 1977ರ ಮಾರ್ಚ್ 21ಕ್ಕೆ ಮುಗಿಯಿತು. ಚುನಾವಣೆ ನಡೆಯಿತು, ಆಳುವವರು ಸೋತು ಇಳಿದರು. ಆದರೆ ಈ ಸಾಧನಗಳ ರುಚಿ ಆ 21 ತಿಂಗಳಲ್ಲಿ ನಮಗೂ ಸಿಕ್ಕಿತು. ಪತ್ರಿಕೆಗೆ ಸೆನ್ಸಾರ್ ಬಂತು. ‘ಮಾತು ಕಡಿಮೆ, ಕೆಲಸ ಜಾಸ್ತಿ’ ಅನ್ನುವ ಅರ್ಥದ ಘೋಷಣೆಗಳು ಗೋಡೆ ಹತ್ತಿದವು. ವಿಚಾರಣೆ ಇಲ್ಲದೆ ಜೈಲಿಗೆ ಹಾಕುವುದಕ್ಕೆ ‘ಶಿಸ್ತು’ ಅಂತ ಹೆಸರಾಯಿತು.

ಇವತ್ತಿನ ಫ್ರೀಡಂ ಪಾರ್ಕ್ ಆಗ ಸೆಂಟ್ರಲ್ ಜೈಲು. ಸಂಸದೀಯ ಸಮಿತಿಯ ಕೆಲಸಕ್ಕೆ ಊರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ ಜೂನ್ 26ರಂದು ಇಲ್ಲೇ ಬಂಧನಕ್ಕೊಳಗಾದರು. ರಂಗಭೂಮಿ ಮತ್ತು ಸಿನಿಮಾ ನಟಿ ಸ್ನೇಹಲತಾ ರೆಡ್ಡಿ 1976ರಲ್ಲಿ ಇದೇ ಜೈಲಿಗೆ ಬಂದರು. ಅವರಿಗೆ ಜೋರು ಆಸ್ತಮಾ ಇತ್ತು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಗೆ ಬಂದ ಕೆಲವೇ ದಿನಕ್ಕೆ, 20ನೇ ತಾರೀಕು ತೀರಿಕೊಂಡರು. ಜೈಲಿನಲ್ಲಿ ಡೈರಿ ಬರೆದಿದ್ದರು. ನಮ್ಮ ಕೂಟದವರು ಒಮ್ಮೆ ಅಲ್ಲಿಗೆ ಹೋಗಿ ಹಳೇ ಕಾವಲು ಗೋಪುರದ ಹತ್ತಿರ ನಿಂತೆವು. ಪಕ್ಕದಲ್ಲೇ ಹುಡುಗರು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಇಲ್ಲಿ ಏನಿತ್ತು ಗೊತ್ತಾ ಅಂತ ಕೇಳಿದೆ. ಒಬ್ಬ ‘ಪಾರ್ಕೇ ಅಲ್ವಾ ಆಂಟಿ’ ಅಂದ. ಹದಿನೈದು ನಿಮಿಷ ಕೂತು ಹೇಳಿದೆ. ಪೂರ್ತಿ ಕೇಳಿಸಿಕೊಂಡ.

ಜನ ನಿಜವಾಗಿ ಇದನ್ನೆಲ್ಲ ನಂಬ್ತಿದ್ದರಾ?

ಕೆಲವರು ನಂಬಿದರು. ಬಹಳ ಜನ ಬೀದಿಯಲ್ಲಿ ಒಂದು, ಅಡುಗೆಮನೆಯಲ್ಲಿ ಒಂದು ಮಾತಾಡಿದರು. ಅಪಾಯ ಶುರುವಾಗುವುದು ಬೀದಿಯ ಪದ ಅಡುಗೆಮನೆಗೂ ಬಂದಾಗ.

ಇದಕ್ಕೆಲ್ಲ ಜನ ಹೇಗೆ ತಡೆ ಒಡ್ಡಿದರು?

ಲೆನಿನ್‌ಗ್ರಾಡಿನಲ್ಲಿ ಅನ್ನಾ ಅಖ್ಮತೋವಾ ಎಂಬ ಕವಿ. ಮಗ ಜೈಲಿನಲ್ಲಿ. ಜೈಲಿನ ಹೊರಗಿನ ಸಾಲಿನಲ್ಲಿ 17 ತಿಂಗಳು ನಿಂತರು. ಆ ಸಾಲಿನ ಹೆಂಗಸರ ಬಗ್ಗೆ ಕವಿತೆ ಬರೆದರು. ಮನೆಯ ಗೋಡೆಗೂ ಕಿವಿ ಇತ್ತು. ಗೆಳತಿ ಲಿಡಿಯಾ ಚುಕೊವ್‌ಸ್ಕಯಾ ಬಂದಾಗ ಅಖ್ಮತೋವಾ ಸುಮ್ಮನೆ ಚಾವಣಿ ಕಡೆ ಕಣ್ಣು ತೋರಿಸಿ, ಚೀಟಿಯಲ್ಲಿ ಸಾಲುಗಳನ್ನು ಗೀಚುತ್ತಾ, ಟೀ ಕುಡಿಯುತ್ತೀರಾ ಅಂತ ಜೋರಾಗಿ ಕೇಳುತ್ತಿದ್ದರು. ಲಿಡಿಯಾ ಓದಿ ಬಾಯಿಪಾಠ ಮಾಡಿ ಚೀಟಿ ವಾಪಸ್ ಕೊಡುತ್ತಿದ್ದರು. ಅಖ್ಮತೋವಾ ಬೆಂಕಿಕಡ್ಡಿ ಗೀರಿ ಆಷ್‌ಟ್ರೇಯ ಮೇಲೆ ಅದನ್ನು ಸುಡುತ್ತಿದ್ದರು. ಆ ಕವಿತೆ ಹೀಗೆ ಕೆಲವು ಗೆಳೆಯರ ತಲೆಯಲ್ಲಿ ವರ್ಷಗಟ್ಟಲೆ ಬದುಕಿತು. ಅವರ ದೇಶದಲ್ಲಿ ಅಚ್ಚಾಗಿದ್ದು 1987ರಲ್ಲಿ. ಅಷ್ಟು ಹೊತ್ತಿಗೆ ಕವಿ ಇರಲಿಲ್ಲ.

ಅಲ್ಲಿನವರು ಟೈಪ್‌ರೈಟರಿನಲ್ಲಿ ಕಾರ್ಬನ್ ಹಾಳೆ ಇಟ್ಟು ನಿಷೇಧಿತ ಪುಸ್ತಕಗಳ ನಕಲು ಮಾಡಿ ಹಂಚಿದರು. ಇದರ ಭಯಕ್ಕೇ ರೊಮೇನಿಯ 1983ರಲ್ಲಿ ಟೈಪ್‌ರೈಟರುಗಳನ್ನು ಪೊಲೀಸರಲ್ಲಿ ನೋಂದಾಯಿಸಬೇಕು ಅಂತ ಕಾನೂನು ಮಾಡಿತು. ಚೀನಾದಲ್ಲಿ 1989ರ ಜೂನ್ 4ರಂದು ಸೇನೆ ಪ್ರತಿಭಟನಾಕಾರರನ್ನು ಕೊಂದ ತಿಯಾನನ್‌ಮೆನ್ ಹತ್ಯೆಯ ಬಗ್ಗೆ ನೆಟ್ಟಿನಲ್ಲಿ ಬರೆಯುವ ಹಾಗಿಲ್ಲ. ಜನ ‘ಮೇ 35’ ಅಂತ ಬರೆದರು. ಕ್ಯಾಲೆಂಡರಿನಲ್ಲಿ ಇಲ್ಲದ ತಾರೀಕು. ಮೇ 31ರ ಮೇಲೆ ನಾಲ್ಕು ದಿನ ಎಣಿಸಿದರೆ ಜೂನ್ 4. ಎಲ್ಲರಿಗೂ ಅರ್ಥವಾಗುತ್ತಿತ್ತು.

ಈಗ ಇಂಟರ್ನೆಟ್ ಇದೆಯಲ್ಲ, ಇನ್ನು ಇಂಥದ್ದು ನಡೆಯಲ್ಲ ಅಲ್ವಾ?

2022ರ ಮಾರ್ಚ್ 4ರಂದು ರಷ್ಯಾ ಒಂದು ಕಾನೂನು ತಂದಿತು. ಸೇನೆಯ ಬಗ್ಗೆ ‘ಸುಳ್ಳು ಸುದ್ದಿ’ಗೆ 15 ವರ್ಷದವರೆಗೆ ಜೈಲು. ಉಕ್ರೇನಿನ ಮೇಲಿನ ಯುದ್ಧಕ್ಕೆ ಅಲ್ಲಿ ‘ವಿಶೇಷ ಸೇನಾ ಕಾರ್ಯಾಚರಣೆ’ ಅನ್ನಬೇಕಿತ್ತು. ಸ್ಟಾಲಿನ್ ಕಾಲದಲ್ಲಿ ಸತ್ತವರ ಹೆಸರು ಹುಡುಕಿ ದಾಖಲಿಸುತ್ತಿದ್ದ ಮೆಮೋರಿಯಲ್ ಸಂಸ್ಥೆಯನ್ನು ಮುಚ್ಚಲು ಅದಕ್ಕೆ ಕೆಲವೇ ತಿಂಗಳ ಮೊದಲು, 2021ರ ಡಿಸೆಂಬರಿನಲ್ಲಿ, ಕೋರ್ಟ್ ಆದೇಶ ಕೊಟ್ಟಿತ್ತು.

ಎಲ್ಲ ಪಕ್ಷಗಳೂ ಮಾತು ತಿರುಚುತ್ತವೆ. ಎಲ್ಲರನ್ನೂ ಸರ್ವಾಧಿಕಾರಿ ಅನ್ನೋಣವೇ?

ದಯವಿಟ್ಟು ಬೇಡ. ಆ ಪದವನ್ನೂ ಸವೆಸಬೇಡಿ. ಮಂತ್ರಿ ಸುಳ್ಳು ಹೇಳಿದರೆ ಅದು ಸುಳ್ಳು ಅಂತ ನೀವು ಗಟ್ಟಿಯಾಗಿ ಹೇಳಿ, ರಾತ್ರಿ ಮನೆಗೆ ಬಂದು ಮಲಗಬಹುದಾದರೆ ಅದು ರಾಜಕೀಯ. ಹೇಳಿದವನು ಮನೆಗೆ ಬರದಿದ್ದಾಗ ಬೇರೆ ಪದ ಬೇಕಾಗುತ್ತೆ. ನಡುವಿನ ದಾರಿ ಉದ್ದ ಇದೆ, ಅದರಲ್ಲಿ ಎಲ್ಲಿದ್ದೇವೆ ಅಂತ ಆಗಾಗ ನೋಡಿಕೊಳ್ಳಬೇಕು.

ನಾವು ಮನೆಯಲ್ಲಿ ಮಾಡಬಹುದಾದ್ದು ಏನಾದರೂ ಇದೆಯಾ?

ಹಳೇ ಕಾಗದ ಎಸೆಯಬೇಡಿ. ಫೋಟೊ ಹಿಂದೆ ಹೆಸರು ಬರೆಯಿರಿ, ಜಗಳ ಆಡಿದವರ ಹೆಸರೂ ಸೇರಿ.

ನಮ್ಮಜ್ಜಿಯ ಹಾಲಿನ ಲೆಕ್ಕದ ನೋಟ್‌ಬುಕ್ ನನ್ನ ಹತ್ತಿರ ಇದೆ. ಚಾಮರಾಜಪೇಟೆಯ ವಠಾರದ ದಿನಗಳದ್ದು. ದಿನಾ ಎಷ್ಟು ಹಾಲು, ಸೀಮೆಎಣ್ಣೆಗೆ ಎಷ್ಟು, ಯಾರು ಸಾಲ ತೆಗೆದುಕೊಂಡರು, ಇಷ್ಟೇ. 1975ರ ಡಿಸೆಂಬರಿನ ಒಂದು ಪುಟದಲ್ಲಿ ಹಾಲಿನ ಎರಡು ಸಾಲುಗಳ ನಡುವೆ ಹೀಗಿದೆ: ‘ಪಕ್ಕದ ಮನೆ ಮೇಷ್ಟ್ರನ್ನ ರಾತ್ರಿ ಕರಕೊಂಡು ಹೋದ್ರು.’ ಎಷ್ಟು ಸಲ ಓದಿದ್ದೇನೋ. ಒಂದು ದಿನ ಕೆಲಸದ ಕಣ್ಣಿನಿಂದ ನೋಡಿದೆ. ವಾಕ್ಯದಲ್ಲಿ ಕರ್ತೃ ಇಲ್ಲ. ಯಾರು ಕರಕೊಂಡು ಹೋದರು ಅಂತ ಅಜ್ಜಿ ತನ್ನ ಹಾಲಿನ ಪುಸ್ತಕದಲ್ಲೂ ಬರೆಯಲಿಲ್ಲ.

ಅತ್ತೆಗೆ ಆಗ ಹದಿನಾಲ್ಕು ವರ್ಷ. ಫೋನ್ ಮಾಡಿ ಕೇಳಿದೆ. ‘ಪೊಲೀಸ್ನೋರು, ಮೂರು ಜನ. ಮೇಷ್ಟ್ರಿಗೆ ಚಪ್ಪಲಿ ಹಾಕಿಕೊಳ್ಳೋಕೂ ಬಿಡಲಿಲ್ಲ’ ಅಂದರು. ಅಜ್ಜಿಯ ಸಾಲನ್ನು ನಾನು ಮುಟ್ಟಲಿಲ್ಲ. ಪುಟದ ಕೆಳಗೆ ಪೆನ್ಸಿಲಿನಲ್ಲಿ ಅತ್ತೆ ಹೇಳಿದ್ದನ್ನು ಹೇಳಿದ ಹಾಗೇ ಬರೆದು, ಅವರ ಹೆಸರು ಹಾಕಿ, ಬರೆದ ದಿನದ ತಾರೀಕು ಹಾಕಿದೆ.